ವಯಸ್ಸಿಗೆ 100 ಕೂಡಿಸಿದರೆ ಬಿಪಿ ಸಿಗುತ್ತಾ?

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಮತ್ತೆ ಅದೇ ಫಾರ್ವರ್ಡ್ ಬಂದಿದೆ: 'ವಯಸ್ಸಿಗೆ 100 ಕೂಡಿಸಿ, ಅದೇ ನಿಮ್ಮ ನಾರ್ಮಲ್ ಬಿಪಿ. 65ರಲ್ಲಿ 165 ಇದ್ದರೆ ಮಾತ್ರೆ ಬೇಡ.' ಲೆಕ್ಕ ಸುಲಭ. ಆದರೆ ತಪ್ಪು.

ಸತ್ಯಾಂಶ ಇದು: ವಯಸ್ಸಾದಂತೆ ರಕ್ತನಾಳ ಗಡುಸಾಗಿ ಬಿಪಿಯ ಮೇಲಿನ ಅಂಕಿ (120/80ರಲ್ಲಿ 120) ಏರುವುದು ನಿಜ. ತುಂಬಾ ಜನರಿಗೆ ಹಾಗಾಗುತ್ತದೆ ಅಂದ ಮಾತ್ರಕ್ಕೆ ಅದು ಕ್ಷೇಮ ಅಲ್ಲ. ಕೂದಲೂ ಬೆಳ್ಳಗಾಗುತ್ತದೆ, ಆದರೆ ಬಿಳಿ ಕೂದಲಿನಿಂದ ಪಾರ್ಶ್ವವಾಯು ಬರುವುದಿಲ್ಲ, ಅಲ್ವಾ? ವಯಸ್ಕರಿಗೆ 120/80ರ ಒಳಗಿದ್ದರೆ ಒಳ್ಳೆಯದು. ಕ್ಲಿನಿಕ್‌ನಲ್ಲಿ ಬೇರೆ ಬೇರೆ ದಿನ ನೋಡಿದರೂ 140/90 ಅಥವಾ ಜಾಸ್ತಿ ಬಂದರೆ ಅದು ಅಧಿಕ ರಕ್ತದೊತ್ತಡ. ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು 2017ರಲ್ಲಿ ಈ ಗೆರೆಯನ್ನು 130/80ಕ್ಕೇ ಇಳಿಸಿವೆ. ತೀರಾ ವಯಸ್ಸಾದವರಿಗೆ, ಎದ್ದಾಗ ತಲೆ ಸುತ್ತುವವರಿಗೆ ಡಾಕ್ಟರ್ ಗುರಿಯನ್ನು ಸ್ವಲ್ಪ ಸಡಿಲ ಮಾಡಬಹುದು, ಅಷ್ಟೇ.

ಅಳೆಯುವುದರಲ್ಲೂ ಎಡವಟ್ಟಾಗುತ್ತದೆ. ಮೊನ್ನೆ ಪಕ್ಕದ ಮನೆಯ ಆಂಟಿ ಲೋಕಲ್ ರೈಲು ಇಳಿದು, ಸೊಪ್ಪಿನ ಚೀಲ ಹಿಡಿದು ಮೂರು ಮಹಡಿ ಹತ್ತಿದವರೇ ಬಿಪಿ ಯಂತ್ರದ ಪಟ್ಟಿ ಸುತ್ತಿಕೊಂಡರು. ಅದೂ ತೋಳಿನ ಬಟ್ಟೆಯ ಮೇಲೆ, ಮಾತಾಡುತ್ತಾ. 158! ಆಮೇಲೆ ಬೆನ್ನು ಕುರ್ಚಿಗೆ ಆನಿಸಿ, ಕಾಲು ನೆಲಕ್ಕೆ ಊರಿ, ಎದೆ ಮಟ್ಟಕ್ಕೆ ಕೈ ಇಟ್ಟು ಐದು ನಿಮಿಷ ಸುಮ್ನೆ ಕೂತರು. ಈಗ 136. ಸಮಾಧಾನಪಡುವ ಅಂಕಿಯೇನಲ್ಲ. ಮನೆಯಲ್ಲಿ ಅಳೆದ ಸರಾಸರಿ 135/85 ದಾಟಿದರೂ ಡಾಕ್ಟರ್ ಹತ್ತಿರ ಹೋಗಬೇಕು. ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಒಂದು ವಾರ ಬೆಳಿಗ್ಗೆ, ಸಂಜೆ ಬರೆದಿಡಲು ಹೇಳಿದ್ದೇನೆ.