ಪೆನ್ ಡ್ರೈವ್ ಬಿಡಿಸಿಕೊಳ್ಳುವ ಪಾಡು

ಲಿನಕ್ಸ್ ಟರ್ಮಿನಲ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಪೆನ್ ಡ್ರೈವ್ ಸೇರಿಸುವುದಕ್ಕಿಂತ ಬಿಡಿಸಿಕೊಳ್ಳುವುದೇ ದೊಡ್ಡ ಪಾಡು. ಡ್ರೈವ್ ಬಿಡಿಸುವ ಯುಮೌಂಟ್ (umount) ಆದೇಶ ಕೊಟ್ಟರೆ ‘ಬಳಕೆಯಲ್ಲಿದೆ’ ಎಂಬ ಒಣ ಉತ್ತರ. ಯಾರ ಬಳಕೆಯಲ್ಲಿ? ಅದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಯಾವ ಪ್ರೋಗ್ರಾಂ ಏನನ್ನು ಹಿಡಿದಿದೆ ಎಂದು ತೋರಿಸುವ ಎಲ್‌ಎಸ್‌ಒಎಫ್ (lsof) ಆದೇಶವನ್ನು ಕರೆದು ವಿಚಾರಣೆ ನಡೆಸಬೇಕು. ಎಷ್ಟೋ ಸಲ ಸಿಕ್ಕಿಬೀಳುವುದು ಇನ್ನೊಂದು ಕಿಟಕಿಯಲ್ಲಿ ಆ ಫೋಲ್ಡರಿನೊಳಗೇ ಸುಮ್ಮನೆ ಕುಳಿತಿರುವ ಶೆಲ್, ನಮ್ಮ ಆದೇಶ ಕಾಯುವ ಪ್ರೋಗ್ರಾಂ! ಒಂದು ಕಡತವನ್ನೂ ತೆರೆದಿರುವುದಿಲ್ಲ, ಆದರೂ ಜಾಗ ಬಿಡದು.

ಇನ್ನು ನಕಲು. ದೊಡ್ಡ ಕಡತಕ್ಕೂ ಎಷ್ಟೋ ವೇಳೆ ಕ್ಷಣದಲ್ಲೇ ಮುಂದಿನ ಆದೇಶ ಕೇಳುವ ಪ್ರಾಂಪ್ಟ್ ಹಾಜರು. ಕೆಲಸ ಮುಗಿದಿಲ್ಲ ಸ್ವಾಮಿ, ದತ್ತಾಂಶ ಇನ್ನೂ ಕಂಪ್ಯೂಟರಿನ ಮೆಮೊರಿಯಲ್ಲಿದೆ. ಆಗ ಯುಮೌಂಟ್ ಕೊಟ್ಟರೆ ಅದೆಲ್ಲ ಡ್ರೈವ್‌ಗೆ ಇಳಿಯುವವರೆಗೂ ಮೌನವ್ರತ. ಶೇಕಡಾವಾರು ಇಲ್ಲ, ಒಂದು ಚುಕ್ಕಿಯೂ ಇಲ್ಲ. ‘ಯುಮೌಂಟ್ ಜೊತೆ ಮೈನಸ್ ಎಲ್ (-l) ಹಾಕಿ’ ಎಂದು ಸಲಹೆ ಕೊಡುವವರ ಮೇಲಂತೂ ಇನ್ನೂ ಸಿಟ್ಟು. ಅದು ಡ್ರೈವನ್ನು ಕಣ್ಣಿನಿಂದ ಮರೆಮಾಡುತ್ತದೆ, ಅಷ್ಟೇ. ಬರೆಯುವುದು ಹಿಂದೆ ಬಾಕಿ ಇರಬಹುದು!