ಹನ್ನೊಂದನೆಯ ತಲೆ

ಭಯಾನಕ ಚಿತ್ರವನ್ನು ರಾತ್ರಿಯೇ ನೋಡಬೇಕೆಂಬ ಹಟದಿಂದ, ಮನೆಯವರೆಲ್ಲ ಮಲಗಿದ ಮೇಲೆ ನಾನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡದ್ದು ‘ವ್ಲ್ಚಿ ಬೌದಾ’ ಎಂಬ ಜೆಕ್ ಚಿತ್ರ. ಹುಟ್ಟಿದಂದಿನಿಂದ ಒತ್ತಕ್ಷರಗಳೊಡನೆ ಬಾಳಿದ ನನ್ನ ನಾಲಿಗೆಯೂ ಆ ಮೊದಲ ಪದದಲ್ಲಿ ಎಡವಿತು. ತೋಳದ ಗುಡಿಸಲು ಎಂದು ಅದರರ್ಥ.

ಹಿಮ ಕವಿದ ಬೆಟ್ಟದ ಮೇಲಿನ ಒಂಟಿ ಮನೆಗೆ ಸ್ಕೀಯಿಂಗ್ ಶಿಬಿರವೆಂದು ಹದಿಹರೆಯದವರನ್ನು ಕರೆಸಲಾಗಿದೆ. ಬರಬೇಕಾದವರು 10 ಮಂದಿ, ಬಂದವರು 11. ಹೆಚ್ಚಿನವರು ಯಾರೆಂದು ನೀವೇ ಪತ್ತೆ ಮಾಡಿ ಎಂದು ಶಿಬಿರದ ಯಜಮಾನ ತಣ್ಣಗೆ ಹೇಳಿಬಿಡುತ್ತಾನೆ; ಅವನನ್ನು ಎಲ್ಲರೂ ‘ಅಪ್ಪ’ ಎಂದೇ ಕರೆಯಬೇಕು. ಭೂತವೂ ಇಲ್ಲ, ರಕ್ತದ ಕೋಡಿಯೂ ಇಲ್ಲ, ಬರೀ ತಲೆಯೆಣಿಕೆಯಿಂದಲೇ ಹೆದರಿಸುವ ಈ ಉಪಾಯ ನಿರ್ದೇಶಕಿ ವೇರಾ ಹಿತಿಲೋವಾ ಅವರದು. 1987ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಹೋದ ಚಿತ್ರವಿದು. ಆಗಿನ್ನೂ ಕಮ್ಯುನಿಸ್ಟ್ ಆಡಳಿತದಲ್ಲಿದ್ದ ಜೆಕೊಸ್ಲೊವಾಕಿಯಾದಲ್ಲಿ, ಪಕ್ಕದಲ್ಲಿ ಕೂತವನನ್ನು ಸಂಶಯದಿಂದ ನೋಡುವುದೆಂದರೇನೆಂದು ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1970ರ ದಶಕದಲ್ಲಿ ವರ್ಷಗಟ್ಟಲೆ ಕಥಾಚಿತ್ರ ಮಾಡಲು ಬಿಡದೆ ಮನೆಯಲ್ಲಿ ಕೂರಿಸಲಾಗಿದ್ದ ನಿರ್ದೇಶಕಿಗಂತೂ ಅದು ಚೆನ್ನಾಗಿಯೇ ಗೊತ್ತಿತ್ತು.

ನನ್ನ ಕಷ್ಟ ಬೇರೆ. ಜೆಕ್ ಭಾಷೆಯ ಗಂಧಗಾಳಿಯಿಲ್ಲದ ನನಗೆ ಸಬ್‌ಟೈಟಲ್ಲೇ ಗತಿ, ಅದೋ ಸುಮಾರು 15 ಸೆಕೆಂಡು ಹಿಂದೆ ಬಿದ್ದು ನಮ್ಮೂರ ಕೊನೆಯ ಬಸ್ಸಿನಂತೆ ತೆವಳುತ್ತಿತ್ತು. ಒಬ್ಬ ಬಾಯಿ ಬಿಟ್ಟು ಮುಚ್ಚಿ ಎದ್ದು ಹೋದ ಮೇಲೆ ಅವನ ಮಾತು ಇನ್ನೊಬ್ಬಳ ಮುಖದ ಕೆಳಗೆ ಮೂಡುತ್ತಿತ್ತು. ಹೀಗಾಗಿ ನಾನು ಮೊದಲ ಅರ್ಧ ಗಂಟೆ ಒಬ್ಬ ಬಡಪಾಯಿ ಹುಡುಗನನ್ನು ಅನ್ಯಾಯವಾಗಿ ಶಂಕಿಸಿದೆ, ಮುಂದಿನ ಅರ್ಧ ಗಂಟೆ ಟೋಪಿ ಧರಿಸಿದವರನ್ನೆಲ್ಲ ಶಂಕಿಸಿದೆ. ನಿಜವಾದ ಪರಕೀಯರು ಶಿಬಿರ ನಡೆಸುವವರೇ, ಬೇರೆ ಲೋಕದಿಂದ ಬಂದವರು, ಒಬ್ಬರನ್ನು ನೀವೇ ಆರಿಸಿ ಕೊಂದುಬಿಡಿ ಎಂದು ಮಕ್ಕಳನ್ನು ಪೀಡಿಸುತ್ತಿದ್ದಾರೆ ಎಂಬುದು ನನಗೆ ತಿಳಿಯುವ ಹೊತ್ತಿಗೆ ಆ ಮಕ್ಕಳು ನನಗಿಂತ 15 ಸೆಕೆಂಡು ಮೊದಲೇ ಹೆದರಿ ಮುಗಿಸಿದ್ದರು. ಕೊನೆಗೂ ಅವರು ಯಾರನ್ನೂ ಬಿಟ್ಟುಕೊಡದೆ ಒಟ್ಟಾಗಿ ಪಾರಾದದ್ದನ್ನು ಕಂಡು ನನಗೆ ನಾಚಿಕೆಯಾಯಿತು, ಏಕೆಂದರೆ ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ನಾಲ್ವರನ್ನು ಬಿಟ್ಟುಕೊಟ್ಟಾಗಿತ್ತು.

ಚಿತ್ರ ಮುಗಿಸಿ, ಬಾಗಿಲ ಚಿಲಕ ನೋಡಲೆಂದು ಹೋದವನು ಅಭ್ಯಾಸಬಲದಿಂದ ಚಪ್ಪಲಿ ಎಣಿಸಿದೆ. ಮನೆಯಲ್ಲಿರುವವರು ನಾಲ್ವರು, ಚಪ್ಪಲಿ ಐದು ಜೊತೆ. ಬೆನ್ನಲ್ಲಿ ಸಣ್ಣಗೆ ಚಳಿ ಹುಟ್ಟಿತು. ಮತ್ತೊಮ್ಮೆ ಎಣಿಸಿದೆ, ಐದೇ.

“ಈ ಅಪರಾತ್ರಿಯಲ್ಲಿ ಅಲ್ಲೇನು ಮಾಡುತ್ತಿದ್ದೀರಿ?” ಎಂದು ಹೆಂಡತಿ ಒಳಗಿನಿಂದಲೇ ಕೇಳಿದಳು.

“ಇಲ್ಲೊಂದು ಜೊತೆ ಹೆಚ್ಚಿದೆ, ಯಾರದು?” ಎಂದೆ, ಧ್ವನಿ ತಗ್ಗಿಸಿ.

“ಉಂಗುಷ್ಠ ಕಿತ್ತುಹೋಗಿದೆ, ಹೊಲಿಸಿಕೊಂಡು ಬನ್ನಿ ಎಂದು ಒಂದು ವಾರದಿಂದ ಬಡಿದುಕೊಳ್ಳುತ್ತಿದ್ದೇನಲ್ಲ, ನಿಮ್ಮದೇ!”