ಆ ನಾಲ್ಕು ಜನ ಯಾರು?

ಮದುವೆ ಮನೆಯಲ್ಲಿ ಯಾರಾದರೂ ಕಾಫಿ ಕೊಟ್ಟರೆ ಬೇಡ ಅನ್ನುತ್ತಿದ್ದೆ. ನನಗೆ ಕಾಫಿ ಅಂದರೆ ಪ್ರಾಣ. ಆದರೆ ಲೋಟ ಹಿಡಿದಾಗ ಕೈ ನಡುಗಿದರೆ? ನಾಲ್ಕು ಜನ ಏನಂದುಕೊಳ್ಳುತ್ತಾರೆ? ಮನೆಯಲ್ಲಿ ಇದನ್ನು ನಾಚಿಕೆ ಸ್ವಭಾವ ಅಂದರು, ನಾನೂ ನಂಬಿದ್ದೆ. ಇದಕ್ಕೆ ಸಾಮಾಜಿಕ ಆತಂಕ ಅಂತ ಹೆಸರಿದೆ, ಚಿಕಿತ್ಸೆಯೂ ಇದೆ ಅಂತ ಗೊತ್ತಾಗುವಷ್ಟರಲ್ಲಿ ನನಗೆ 38 ದಾಟಿತ್ತು.

"ಗುಂಪಿನಲ್ಲಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ಮಾಡೋಣ, ಬರ್ತೀರಾ?" ಅಂತ ಥೆರಪಿಸ್ಟ್ ಕೇಳಿದಾಗ ಕೋಪ ಬಂತು. ಜನ ಅಂದರೆ ಹೆದರುವವಳನ್ನು ಜನರ ನಡುವೆಯೇ ಕೂರಿಸುವುದಾ? ಈಗ ಅನ್ನಿಸುತ್ತೆ, ಈ ಭಯಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಹೈಂಬರ್ಗ್ 1980ರ ದಶಕದಲ್ಲೇ ಈ ಆತಂಕಕ್ಕೆ ಗುಂಪು ಚಿಕಿತ್ಸೆ ರೂಪಿಸಿದರು. ಐದಾರು ಜನ, ಇಬ್ಬರು ಥೆರಪಿಸ್ಟ್, ವಾರಕ್ಕೊಮ್ಮೆ ಎರಡೂವರೆ ಗಂಟೆ, 12 ವಾರ. 1998ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರ ಮುಗಿದಾಗ ಫೆನೆಲ್ಜಿನ್ ಅನ್ನೋ ಖಿನ್ನತೆ ನಿವಾರಕ ಮಾತ್ರೆ ತಗೊಂಡವರಲ್ಲೂ ಗುಂಪಿಗೆ ಹೋದವರಲ್ಲೂ ಸುಧಾರಿಸಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಮಾತ್ರೆ ಬೇಗ ಕೆಲಸ ಮಾಡಿತ್ತು, ಅದೂ ನಿಜ. ಮಾತ್ರೆ ತಗೊಳ್ಳುತ್ತಿರುವವರು ದಯವಿಟ್ಟು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ನಮ್ಮ ಗುಂಪಿನಲ್ಲಿ ಸುಮ್ನೆ ಕಷ್ಟ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುವುದಿರಲಿಲ್ಲ. ಹೆದರಿಕೆಯ ಯೋಚನೆಯನ್ನು ಬರೆದು, ಅದು ನಿಜವಾ ಅಂತ ಮಾಡಿ ನೋಡಬೇಕಿತ್ತು. ಐದನೇ ವಾರ ನನ್ನ ಸರದಿ. ಎಲ್ಲರಿಗೂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡಬೇಕು. "ಕೈ ನಡುಗುತ್ತೆ, ಎಲ್ಲರೂ ನೋಡಿ ನನ್ನನ್ನು ಕೈಲಾಗದವಳು ಅಂದುಕೊಳ್ತಾರೆ" ಅಂತ ಬರೆದೆ. ಭಯ ನೂರಕ್ಕೆ 90. ಕೈ ನಡುಗಿತು, ತಟ್ಟೆಗೆ ಕಾಫಿಯೂ ಚೆಲ್ಲಿತು. ಆಮೇಲೆ ಒಬ್ಬೊಬ್ಬರನ್ನೂ ಕೇಳಿದೆವು. ಇಬ್ಬರು ಗಮನಿಸಿರಲೇ ಇಲ್ಲ. ಒಬ್ಬರು ನೋಡಿದ್ದರು, ಬಿಸಿ ಇರಬೇಕು ಅಂದುಕೊಂಡರಂತೆ. ಇನ್ನೊಬ್ಬರು, "ನನ್ನ ಸರದಿ ಹೆದರಿಕೆಯಲ್ಲೇ ಇದ್ದೆ, ನಿಮ್ಮ ಕೈ ನೋಡಲಿಲ್ಲ ಮೇಡಂ" ಅಂದರು. ಅಲ್ಲೇ ಅತ್ತುಬಿಟ್ಟೆ. ಇಷ್ಟು ವರ್ಷ ನಾನು ಹೆದರಿದ್ದ ನಾಲ್ಕು ಜನ ಇವರೇ ಅಲ್ವಾ! ಒಬ್ಬರೇ ಥೆರಪಿಸ್ಟ್ ಎದುರು ಕೂತು "ಯಾರೂ ಏನೂ ಅಂದುಕೊಳ್ಳಲ್ಲ" ಅಂತ ನೂರು ಸಲ ಕೇಳಿದ್ದರೂ ನಂಬುತ್ತಿರಲಿಲ್ಲ.

ಇನ್ನೊಂದು ಮಾತು. ನಮ್ಮ ಗುಂಪು ಇಂಗ್ಲಿಷಿನಲ್ಲಿ ಶುರುವಾಯಿತು. ಮೂರನೇ ವಾರ ಒಬ್ಬರು ಕನ್ನಡಕ್ಕೆ ತಿರುಗಿದರು, ಆಮೇಲೇ ಎಲ್ಲರ ಬಾಯಿ ಬಿಚ್ಚಿದ್ದು. ಭಯ ನಮ್ಮೊಳಗೆ ಮಾತಾಡೋದು ಮನೆ ಭಾಷೆಯಲ್ಲೇ. ಜಿಲ್ಲೆಗಳಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ತಂಡಗಳಿವೆ. ತಾಲ್ಲೂಕು ಆಸ್ಪತ್ರೆಯ ಒಂದು ಕೋಣೆ, ಏಳೆಂಟು ಕುರ್ಚಿ, ತರಬೇತಿ ಪಡೆದ ಇಬ್ಬರು ಸಾಕು. ಕನ್ನಡದಲ್ಲಿ ಇಂಥ ಗುಂಪು ಶುರು ಮಾಡಿ ಅಂತ ಕೇಳೋಣ. ಅಲ್ಲಿಯವರೆಗೆ ಯಾರಿಗಾದರೂ ತುಂಬಾ ಕಷ್ಟವಾಗುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.